ಅಂಟಕ್ಕನ ಗೋಡೆಯ ನ್ಯಾಯ

ಬೆಳಕು ಹರಿಯುವ ಮುಂಚೆಯೇ ಮುದ್ರಣಾಲಯದ ಹಿತ್ತಿಲಲ್ಲಿ ಒಲೆ ಉರಿಯುತ್ತಿದೆ. ಹೆಂಗಸೊಬ್ಬಳು ಮೈದಾ ಅಂಟು ತಿರುವುತ್ತಾಳೆ. ಗಂಟು ಕಂಡರೆ ಸೌಟಿನ ಬೆನ್ನಿನಿಂದ ಒಡೆಯುತ್ತಾಳೆ. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೀಳುತ್ತದೆ. ಅಂಟು ಎಳೆ ಎಳೆಯಾಗಿ ಇಳಿದ ಮೇಲೆಯೇ ಬಕೆಟ್ಟಿಗೆ ಸುರಿದು ಏಳುತ್ತಾಳೆ.

ಪೋಸ್ಟರ್ ಅಂಟಿಸುವ ಈಕೆ ಊರಿಗೆಲ್ಲ ಅಂಟಕ್ಕ. ಏಣಿ ಹಿಡಿಯುವವಳು ಅತ್ತಿಗೆ, ಕುಡಿದು ಕುಡಿದೇ ತೀರಿಹೋದ ಅಣ್ಣನ ಹೆಂಡತಿ. ಇಬ್ಬರ ಸಂಸಾರವೂ ನಿಂತಿರುವುದು ಈ ಏಣಿಯ ಮೇಲೆಯೇ. ಇಂದಿನ ಕಟ್ಟಿನಲ್ಲಿರುವುದು ಅವರದೇ ಬೀದಿಯಲ್ಲಿ ತೆರೆಯಲಿರುವ ಮದ್ಯದಂಗಡಿಯ ಪೋಸ್ಟರ್.

"ಬೈಯೋದು ಬಾಯಿ, ಮೆತ್ತೋದು ಕೈ," ಗೋಡೆಗೆ ಒರಗಿಸಿದ ಏಣಿಯ ಬುಡದಿಂದ ಅತ್ತಿಗೆ ಚುಚ್ಚುತ್ತಾಳೆ. "ಮೂಲೆಗೆ ಅಂಟು ಬಳೀಬೇಡ ಕಣೇ. ಬಿಸಿಲೇರಿದ್ರೆ ತಾನಾಗೇ ಉದುರುತ್ತೆ."

"ಕೂಲಿ ತಗೊಂಡು ಮೋಸ ಮಾಡಿದ್ರೆ ಆಮೇಲೆ ಯಾವ ಬಾಯಲ್ಲಿ ಬೈಲಿ ಅತ್ತಿಗೆ? ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ. ಬಿದ್ರೆ ಕುಡಿದು ಬಿದ್ಲು ಅಂತಾರೆ."

ಮೂಲೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸುತ್ತಾಳೆ. ಪಕ್ಕದಲ್ಲೇ ಆ ಅಂಗಡಿ ಬೇಡವೆನ್ನುವ ಹೆಂಗಸರ ಸಭೆಯ ಪೋಸ್ಟರ್. ಅದನ್ನು ಅಂಟಿಸಿದವಳೂ ಇವಳೇ. ನಾಳೆಯ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳೂ ಇವಳೇ.

ಅಂಟಕ್ಕನದು ಒಂದೇ ಕಟ್ಟಳೆ. ಯಾರದೇ ಪೋಸ್ಟರ್ ಆಗಲಿ, ಅದರ ದಿನ ದಾಟುವ ತನಕ ಮೇಲೆ ಇನ್ನೊಂದು ಬೀಳಕೂಡದು. "ಅದು ಒಬ್ಬರ ಮಾತು. ಮುಗಿಯೋ ಮೊದಲೇ ಬಾಯಿ ಮುಚ್ಚಿಸೋಕೆ ನಾವ್ಯಾರು?" ಎನ್ನುತ್ತಾಳೆ. ಚುನಾವಣೆ ಬಂದರೆ, ಮುಖಕ್ಕೆ ಮುಖ ಕೊಡದ ಅಭ್ಯರ್ಥಿಗಳೂ ಇವಳ ಗೋಡೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಗುತ್ತಿರುತ್ತಾರೆ.

ಸ್ಕೂಟರ್ ನಿಲ್ಲುತ್ತದೆ. ಮುದ್ರಣಾಲಯದ ಯಜಮಾನರು. "ಅಂಗಡಿಯವರ ಫೋನ್ ಬಂದಿತ್ತು. ಆ ಸಭೆ ಪೋಸ್ಟರ್ ಮೇಲೇ ಅಂಟಿಸ್ಬೇಕಂತೆ. ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

ಅತ್ತಿಗೆಯ ಮುಖ ಬಿಳಿಚುತ್ತದೆ. ಅಂಟಕ್ಕ ಇಳಿದು ಬಂದು ಚಿಂದಿಗೆ ಕೈ ಒರೆಸಿಕೊಳ್ಳುತ್ತಾಳೆ.

"ಪಕ್ಕದಲ್ಲಿ ಎಷ್ಟು ಬೇಕಾದ್ರೂ ಅಂಟಿಸ್ತೀನಿ, ಒಂದು ಮೂಲೇನೂ ಏಳಲ್ಲ. ಮೇಲೆ ಮಾತ್ರ ಆಗಲ್ಲ ಯಜಮಾನ್ರೇ. ನಾಳೆ ಆ ಸಭೆಯವರು ಬಂದು ಈ ಅಂಗಡೀದನ್ನ ಮುಚ್ಚು ಅಂದ್ರೂ ನಂದು ಇದೇ ಮಾತು."

ಏಣಿಯನ್ನು ಪಕ್ಕದ ಖಾಲಿ ಗೋಡೆಗೆ ಒರಗಿಸಿ ಮತ್ತೆ ಹತ್ತುತ್ತಾಳೆ. ಅತ್ತಿಗೆ ಎರಡೂ ಕೈಯಲ್ಲಿ ಏಣಿ ಹಿಡಿಯುತ್ತಾಳೆ. ಅಂಟಕ್ಕ ಅಂಚಿನಿಂದ ಅಂಚಿಗೆ ಅಂಟು ಬಳಿದು, ತಿರುಗಿ ನೋಡದೆ ಕೆಳಕ್ಕೆ ಕೈ ಚಾಚುತ್ತಾಳೆ.

"ಹೇಗೂ ಬಂದಿದ್ದೀರಲ್ಲ ಯಜಮಾನ್ರೇ, ಆ ಕಟ್ಟಿನಿಂದ ಇನ್ನೊಂದು ಪೋಸ್ಟರ್ ತೆಗೆದು ಕೊಡಿ."