ಅಡ್ಡಬಾಯಿ ಮೇಡಂ

ಕೆಲಸಕ್ಕೆ ಸೇರಿದ ವಾರವೇ ಗುಮಾಸ್ತ ಒಂದು ಘನಕಾರ್ಯ ಮಾಡಿದ. ಹೊರದೇಶಗಳಿಂದ ಬಂದವರಿಗೆ ವಿಶ್ವವಿದ್ಯಾಲಯದ ಪಾಠ ತಲೆಗೆ ಹತ್ತುವಷ್ಟು ಇಂಗ್ಲಿಷ್ ಕಲಿಸುವ ಕೇಂದ್ರವದು. ಹಾಜರಿ ಪುಸ್ತಕಕ್ಕಾಗಿ ತರಗತಿಯ ಬಾಗಿಲಲ್ಲಿ ಕಾಯುತ್ತಿದ್ದವನ ಕಿವಿಗೆ ಮೇಡಂ ಮಾತು ಬಿತ್ತು: ಸೋಮವಾರದಿಂದ ಎಲ್ಲರೂ ಪ್ರಯೋಗಾಲಯಕ್ಕೆ ಬರಿಗಾಲಲ್ಲಿ ಹೋಗಬೇಕು, ಬೂಟುಗಳನ್ನು ಗ್ರಂಥಾಲಯದ ಕಪಾಟಿನಲ್ಲಿ ಇಡಬೇಕು. ಹೊಸ ಕೆಲಸ, ಹೊಸ ಹುರುಪು. ಯಾರೂ ಹೇಳದಿದ್ದರೂ ಅದನ್ನು ಟೈಪ್ ಮಾಡಿ, ಸೀಲು ಒತ್ತಿ, ನೋಟಿಸ್ ಬೋರ್ಡಿಗೆ ಅಂಟಿಸಿಬಿಟ್ಟ. ಸೋಮವಾರ ಬೆಳಿಗ್ಗೆ ಗ್ರಂಥಪಾಲಕರು ಯಾರದೋ ಒದ್ದೆ ಬೂಟನ್ನು ಎರಡು ಬೆರಳಲ್ಲಿ ನೇತುಹಾಕಿಕೊಂಡು ಆಫೀಸಿಗೆ ಬಂದಾಗಲೂ ಅವನಿಗೆ ತಪ್ಪು ಎಲ್ಲಿ ಎಂದು ಹೊಳೆಯಲಿಲ್ಲ.

ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು. “ಅದು ಸುಳ್ಳು ಕಣಪ್ಪಾ! ಪಾಠದ ಮಧ್ಯೆ ಬೇಕಂತಲೇ ಒಂದು ತಲೆಕೆಟ್ಟ ಮಾತು ಸೇರಿಸ್ತೀನಿ. ಯಾರಾದ್ರೂ ಕೈ ಎತ್ತಿ ‘ನಿಲ್ಲಿ, ತಿಳೀಲಿಲ್ಲ’ ಅನ್ಬೇಕು. ಅದೇ ಪಾಠ.”

“ಯಾರೂ ಎತ್ತದಿದ್ರೆ?”

“ತಲೆ ಆಡಿಸ್ಕೊಂಡು ಕೂತಿರ್ತಾರೆ. ನೀನಂತೂ ಸೀಲೇ ಒತ್ತಿಬಿಟ್ಟೆ!”

ಅಂದಿನಿಂದ ಕೇಂದ್ರದಲ್ಲಿ ಅವನಿಗೆ ಸೀಲಪ್ಪ ಎಂದೇ ಹೆಸರು. ಮನೆಯಲ್ಲಿ ಅಕ್ಕನೂ ಬಿಡಲಿಲ್ಲ. “ನಿನ್ನನ್ನ ಸರಿಯಾದ ಜಾಗಕ್ಕೇ ಸೇರಿಸ್ಕೊಂಡಿದಾರೆ ಕಣೋ. ಬೆಂಚಲ್ಲಿ ಕೂರಿಸೋ ಬದ್ಲು ಮೇಜಿನ ಹಿಂದೆ ಕೂರಿಸಿದಾರೆ, ಅಷ್ಟೇ.”

ದೊಡ್ಡವರು ಮಾತಾಡುವಾಗ ಅಡ್ಡಬಾಯಿ ಹಾಕಬೇಡ ಎಂದು ಲೋಕವೆಲ್ಲ ಮಕ್ಕಳಿಗೆ ಹೇಳಿದರೆ, ಈ ಮೇಡಂ ಅಡ್ಡಬಾಯಿ ಹಾಕುವುದನ್ನೇ ಕಲಿಸುತ್ತಿದ್ದರು. ಹಾಗಾಗಿ ಉಳಿದ ಅಧ್ಯಾಪಕರ ಬಾಯಲ್ಲಿ ಅವರು ಅಡ್ಡಬಾಯಿ ಮೇಡಂ. ಈ ವಿದ್ಯೆ ಅವರಿಗೆ ದಕ್ಕಿದ್ದು ಯಾವ ಕಾಲೇಜಿನಲ್ಲೂ ಅಲ್ಲ. ಮದುವೆಗೆ ಮೊದಲು ಫ್ರಿಜ್ ರಿಪೇರಿ ಕಂಪನಿಯೊಂದರಲ್ಲಿ ದೂರುಗಳ ಫೋನು ಎತ್ತುತ್ತಿದ್ದರು. ಸ್ವಿಚ್ಚು ಹೇಗೆ ಒತ್ತಬೇಕೆಂದು ಬಿಡಿಸಿ ಹೇಳಿದರೆ ಆ ಕಡೆಯವರು ‘ಆಯ್ತು ಆಯ್ತು’ ಎಂದು ಫೋನಿಟ್ಟು, ಮರುದಿನ ಅದೇ ದೂರಿಗೆ ಮತ್ತೆ ಫೋನು ಮಾಡುತ್ತಿದ್ದರು. ‘ಆಯ್ತು’ ಎಂದರೆ ಏನೂ ಆಗಿಲ್ಲ ಎಂದು ಮೇಡಂ ಅಲ್ಲೇ ತೀರ್ಮಾನಿಸಿಕೊಂಡರಂತೆ. ಬಸ್ಸು ರಿಪೇರಿ ಮಾಡುವ ಅವರ ಗಂಡ ಒಮ್ಮೆ ಊಟದ ಡಬ್ಬಿ ಕೊಡಲು ಬಂದವರು ಗುಮಾಸ್ತನ ಹತ್ತಿರ ಗೋಳು ತೋಡಿಕೊಂಡರು: “ಮದುವೆಯಾದಾಗಿಂದ ಒಂದು ಮಾತು ಪೂರ್ತಿ ಮುಗಿಸಿಲ್ಲ ತಮ್ಮಾ ನಾನು.”

ಆ ವರ್ಷದ ತರಗತಿಯಲ್ಲಿ ಎಲ್ಲರಿಗೂ ಬೇಕಾದವರೆಂದರೆ ನರ್ಸಮ್ಮ. ತಮ್ಮ ದೇಶದ ಆಸ್ಪತ್ರೆಯಲ್ಲಿ ಅರ್ಧ ಆಯುಸ್ಸು ಸವೆಸಿ, ಶಾಲೆಗೆ ಹೋಗುವ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ನರ್ಸಿಂಗ್ ಪದವಿಗೆಂದು ಬಂದಿದ್ದರು. ವಿಶ್ವವಿದ್ಯಾಲಯ ಸೀಟು ಕಾದಿರಿಸಿತ್ತು. ಆದರೆ ಈ ಸಲ ಕೇಂದ್ರದಲ್ಲಿ ಪಾಸಾಗದಿದ್ದರೆ ಅದು ಮುಂದಿನವರ ಪಾಲು. ಗುಮಾಸ್ತ ಸ್ಟೇಪ್ಲರಿನಲ್ಲಿ ಕಾಗದದ ಜೊತೆ ತನ್ನ ಹೆಬ್ಬೆರಳನ್ನೂ ಸೇರಿಸಿ ಹೊಡೆದುಕೊಂಡಾಗ ಓಡಿ ಬಂದು ಪಟ್ಟಿ ಕಟ್ಟಿದವರು ಅವರೇ. ಓದುವುದರಲ್ಲಿ, ಬರೆಯುವುದರಲ್ಲಿ ಎಲ್ಲರಿಗಿಂತ ಮುಂದು. ಆದರೆ ಕೈ ಎತ್ತಿ ಎಂದರೆ ಮುಖ ಕೆಂಪಾಗುತ್ತಿತ್ತು.

“ಗುರುಗಳ ಮಾತು ನಡುವೆ ಕತ್ತರಿಸೋದಾ?” ಎಂದು ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. “ನಮ್ಮಮ್ಮಂಗೆ ಗೊತ್ತಾದ್ರೆ ಅನ್ನ ಹಾಕಲ್ಲ.”

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ನಿವೃತ್ತ ಪ್ರೊಫೆಸರು ಬಂದರು. ನರೆತ ತಲೆ, ಗಂಭೀರ ದನಿ. ಜ್ವರದ ಬಗ್ಗೆ ಉಪನ್ಯಾಸ ಕೊಡುತ್ತ ಕೊಡುತ್ತ, ಮೇಡಂ ಮೊದಲೇ ಹೇಳಿಕೊಟ್ಟಿದ್ದಂತೆ, ಮಗುವಿಗೆ ಈ ಔಷಧಿ ಒಂದು ಲೋಟ ಕುಡಿಸಿ ಎಂದುಬಿಟ್ಟರು. ತರಗತಿಯಲ್ಲಿ ಕೈಗಳು ಒಂದೊಂದಾಗಿ ಮೇಲೆದ್ದವು. ನರ್ಸಮ್ಮ ತಲೆಯಾಡಿಸಿದರು, ಮುದ್ದಾದ ಅಕ್ಷರದಲ್ಲಿ ‘ಒಂದು ಲೋಟ’ ಎಂದು ಬರೆದುಕೊಂಡರು. ಹಿಂದೆ ಕುರ್ಚಿ ಜೋಡಿಸುತ್ತಿದ್ದ ಗುಮಾಸ್ತನಿಗೆ ತಾನೇ ಕೂಗಿಬಿಡಲೇ ಎನ್ನಿಸಿತು.

ಹೊರಗೆ ಬಂದ ಮೇಲೆ ಕೇಳಿದ: “ಒಂದು ಚಮಚ ಅಂತ ನಿಮಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಆದ್ರೆ ಅಷ್ಟು ವಯಸ್ಸಾದವರಿಗೆ, ಎಲ್ಲರ ಮುಂದೆ, ಹೇಗೆ?”

ಪ್ರಾಂಶುಪಾಲರ ಕೋಣೆಯಲ್ಲಿ ಸಣ್ಣ ಜಗಳವೇ ಆಯಿತು. ತಾನು ಕಿವಿಗೊಡಲಿಲ್ಲ ಎಂದು ಗುಮಾಸ್ತ ಇಂದಿಗೂ ಹೇಳುತ್ತಾನೆ. ಬಾಗಿಲು ತೆರೆದೇ ಇತ್ತು.

“ಬರವಣಿಗೇಲಿ ಆಕೆಯೇ ಮೊದಲು. ಒಂದು ಕೈ ಎತ್ತಲಿಲ್ಲ ಅಂತ ಸೀಟು ಕಳೀತೀರಾ ಮೇಡಂ?”

“ಬೇರೆಯವರಿಂದ ಪಾಸ್ ಮಾಡಿಸಿ ಸಾರ್. ನಾನು ಮಾಡಲ್ಲ.”

ಬೇರೆ ಯಾರೂ ಮಾಡಲಿಲ್ಲ.

ಮರುದಿನ ಮೇಡಂ ನರ್ಸಮ್ಮನನ್ನು ಆಫೀಸಿಗೆ ಕರೆಸಿ ಎದುರಿಗೆ ಕೂರಿಸಿಕೊಂಡರು. ಓದು ಬರಹದಲ್ಲೆಲ್ಲ ನೀವೇ ಮೊದಲು, ಆದರೆ ಪಾಸಾಗಿಲ್ಲ, ಇನ್ನೊಂದು ಅವಧಿ ಇಲ್ಲೇ ಕಲಿಯಬಹುದು, ಸೀಟು ಉಳಿಸಿ ಎಂದು ವಿಶ್ವವಿದ್ಯಾಲಯದವರನ್ನು ಕೇಳಿದ್ದೇನೆ, ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೆಲ್ಲ ನಿಧಾನವಾಗಿ ಹೇಳುತ್ತ ಹೋದರು. ನರ್ಸಮ್ಮ ಪ್ರತಿ ಮಾತಿಗೂ ತಲೆಯಾಡಿಸಿದರು. ಮೂಲೆಯ ಮೇಜಿನಲ್ಲಿ ಗುಮಾಸ್ತ ಬೇಡದ ಕಾಗದಗಳನ್ನು ಜೋಡಿಸುತ್ತ ಕೂತಿದ್ದ, ಎದ್ದು ಹೋಗಲೂ ಮನಸ್ಸಿಲ್ಲ.

ಇದ್ದಕ್ಕಿದ್ದಂತೆ ನರ್ಸಮ್ಮನ ಕೈ ಭುಜದವರೆಗೆ ಎದ್ದಿತು.

“ನಿಲ್ಲಿ ಮೇಡಂ. ತಿಳೀಲಿಲ್ಲ.” ಎತ್ತಿದ ಕೈ ಇಳಿಸಲಿಲ್ಲ. “ಎಲ್ಲದ್ರಲ್ಲೂ ನಾನೇ ಮೊದಲು ಅಂತೀರಿ. ಪಾಸ್ ಮಾಡೋದು ನಿಮ್ಮ ಕೈಲಿತ್ತು. ಮಾಡ್ಲಿಲ್ಲ. ನನ್ನ ಕಂಡ್ರೆ ನಿಮಗಾಗಲ್ವಾ?”

ಗುಮಾಸ್ತ ಕಾಗದ ಜೋಡಿಸುವುದನ್ನು ನಿಲ್ಲಿಸಿದ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಇವತ್ತು ಕೈ ಎತ್ತಿದಿರಿ, ಸಂತೋಷ. ಆದ್ರೆ ನರ್ಸಮ್ಮಾ, ಆ ಒಂದು ಲೋಟ ಕುಡಿದ ಮಗು ನಿನ್ನೆನೇ ಸತ್ತೋಯ್ತು.”