ಪೇಲ್ ಆರ್ಚರ್ಡ್ ತಂಡದ ನಾಲ್ಕನೆಯವನು

ನನ್ನ ತಮ್ಮ ಸಿರಿಲ್ ಹಾವರ್ತ್ ಈಗ ರಾಚ್‌ಡೇಲ್‌ನಲ್ಲಿ ಬಸ್ ಓಡಿಸುತ್ತಾನೆ. ಅವನ ಬಸ್ಸಿನಲ್ಲೇ ಕೂತು ಹುಡುಗಿಯರು ಪೇಲ್ ಆರ್ಚರ್ಡ್ ತಂಡದ ಪ್ರೇಮಗೀತೆಗಳನ್ನು ಗುನುಗುತ್ತಾರೆ. ಮುಂದೆ ಕೂತ ಡ್ರೈವರ್ ಯಾರೆಂದು ಅವರಿಗೇನು ಗೊತ್ತು? ತಂಡದ ಚರಿತ್ರೆ ಬರೆಯುವ ಪತ್ರಿಕೆಯವರು ಅವನಿಗೆ ಕೊಡುವುದು ಒಂದೇ ಸಾಲು: 'ಕೀಬೋರ್ಡ್ ನುಡಿಸುತ್ತಿದ್ದ ಹಾವರ್ತ್ ಎಪ್ಪತ್ನಾಲ್ಕರಲ್ಲಿ ತಂಡ ಬಿಟ್ಟರು.' ಬಿಟ್ಟರಂತೆ! ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತಂಡ ಕಟ್ಟಿದವನೇ ಅವನು. ನಾಲ್ವರೂ ಒಂದೇ ಹತ್ತಿ ಗಿರಣಿಯ ಹುಡುಗರು: ಹಾಡುವ ಟ್ರೆವರ್ ಡಕ್‌ವರ್ತ್, ಬೇಸ್ ಗಿಟಾರಿನ ಲೆನ್, ಡ್ರಮ್ಮಿನ ಆಲ್ಬಿ, ಮತ್ತು ಇವನು. ಊರಿನ ಬೇರೆ ತಂಡಗಳು ಮೂರು ನಿಮಿಷದ ಹಾಡು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರೆ, ಸಿರಿಲ್ ವರ್ಷಗಟ್ಟಲೆ ಕೂತು ಇಪ್ಪತ್ತು ನಿಮಿಷದ ಒಂದೇ ಒಂದು ಹಾಡು ಕಟ್ಟಿದ. ಹತ್ತಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಳಲ್ಲ ನಮ್ಮಮ್ಮ, ಅದು ಅವಳ ಹಾಡು. ಅದಕ್ಕೆಂದೇ ಮೋಟಾರ್ ಸೈಕಲ್ ಮಾರಿ ಹಳೆಯದೊಂದು ಟೇಪ್ ಆರ್ಗನ್ ತಂದ. ಬೀರುವಿನಷ್ಟು ಭಾರದ ಪೆಟ್ಟಿಗೆ. ಒಂದೊಂದು ಕೀ ಕೆಳಗೂ ದನಿ ತುಂಬಿದ ಒಂದೊಂದು ಟೇಪು, ಒತ್ತಿದರೆ ಇಡೀ ಚರ್ಚಿನ ಜನ ಒಟ್ಟಿಗೆ ಹಾಡಿದಂತೆ ಕೇಳುತ್ತಿತ್ತು. ಎಂಟು ಸೆಕೆಂಡಿಗೆ ಟೇಪು ಮುಗಿಯುವುದರಿಂದ ಬೆರಳೆತ್ತಿ ಮತ್ತೆ ಒತ್ತಬೇಕು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ನಾನು ಬೈದೆ. ಮೊದಲ ಸಲ ಅಮ್ಮನ ಹಾಡು ಕೇಳಿದ ದಿನ ಬಾಯಿ ಮುಚ್ಚಿಕೊಂಡೆ.

ಎಪ್ಪತ್ನಾಲ್ಕರಲ್ಲಿ, ಈಸ್ಟರ್ ಹೊತ್ತಿಗೆ ಗಿರಣಿ ಮುಚ್ಚುತ್ತದೆ ಎಂದು ತೀರ್ಮಾನವಾಯಿತು. ಅದೇ ಹೊತ್ತಿಗೆ ಲಂಡನ್ನಿನ ರೆಕಾರ್ಡ್ ಕಂಪನಿಯ ಪೆಲಮ್ ಎಂಬಾತ ಶನಿವಾರ ನಮ್ಮ ಕಾರ್ಮಿಕರ ಕ್ಲಬ್ಬಿಗೆ ಬಂದು ಕೇಳುತ್ತೇನೆಂದು ಹೇಳಿ ಕಳಿಸಿದ. ಸಿರಿಲ್‌ಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

"ಒಂದ್ಸಲ ಪೂರ್ತಿ ಕೇಳಿಬಿಟ್ರೆ ಸಾಕು ಎನಿಡ್," ಎಂದ ನನ್ನ ಹತ್ತಿರ. "ಇಲ್ಲಾಂದ್ರೆ ನನ್ನ ಕಥೆ ಮುಗೀತು. ನಂಗೆ ಬೇರೆ ಏನು ಬರತ್ತೆ ಹೇಳು?"

ಅವನ ದೊಡ್ಡ ಭಯ ಪೈ ಒಲೆಯದು. ನಮ್ಮ ಕ್ಲಬ್ಬಿನಲ್ಲಿ ಬಿಂಗೊ ಆಟಕ್ಕೆ ಮೊದಲು ಎಲ್ಲರಿಗೂ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಬಿಸಿ ಪೈ ಕೊಡಬೇಕು. ಆ ದೊಡ್ಡ ಕರೆಂಟ್ ಒಲೆ ಹಾಕಿದರೆ ದೀಪಗಳೇ ಮಂಕಾಗುತ್ತಿದ್ದವು, ಇನ್ನು ಆರ್ಗನ್ನಿನ ಟೇಪು ಎಳೆಯುವ ಮೋಟಾರು ಯಾವ ಲೆಕ್ಕ? ಮೋಟಾರು ನಿಧಾನವಾದರೆ ಶ್ರುತಿ ಇಳಿಯುತ್ತದೆ. ಕ್ಲಬ್ಬಿನ ಕಾರ್ಯದರ್ಶಿ ಆಗ್ಡನ್ ಹತ್ತಿರ ಹೋಗಿ ಸಿರಿಲ್ ಅಂಗಲಾಚಿದ.

"ದಮ್ಮಯ್ಯ ಅಂತೀನಿ ಆಗ್ಡನ್ ಸಾಹೇಬ್ರೇ, ನಾವು ಮುಗಿಸೋ ತನಕ ಒಲೆ ಹಾಕಿಸ್ಬೇಡಿ. ನನ್ನ ಪೆಟ್ಟಿಗೆ ಶ್ರುತಿ ಕೆಡತ್ತೆ."

"ಪೈ ತಣ್ಣಗಿದ್ರೆ ಜನರ ಶ್ರುತಿ ಕೆಡತ್ತಲ್ಲಯ್ಯ! ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ." ಆಗ್ಡನ್ ಪೈಪ್ ಕೊಡವಿದ. "ಹೋಗ್ಲಿ, ಎಂಟೂವರೆ ತನಕ ತಡೀತೀನಿ. ಆಮೇಲೆ ರಾಣಿಯೇ ಬಂದು ಹಾಡಿದ್ರೂ ಒಲೆ ಹಾಕೋದೇ."

ಎಂಟಕ್ಕೆ ಶುರು ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಪೆಲಮ್‌ನ ರೈಲು ತಡವಾಯಿತು. ಅವನು ಬರುವ ತನಕ ಸಿರಿಲ್ ಕೀಗಳನ್ನು ಮುಟ್ಟಲೇ ಇಲ್ಲ. ಕೊನೆಗೆ ಆತ ಒದ್ದೆ ಕೋಟು ಕೊಡವುತ್ತಾ ಬಂದು ಕೂತ ಮೇಲೆ ಶುರುವಾಯಿತು. ಅರ್ಧ ಹಾಡು ಚೆನ್ನಾಗಿಯೇ ಹೋಯಿತು. ನಾನು ಬಾಗಿಲ ಹತ್ತಿರ ನಿಂತು ದೇವರೇ, ದೇವರೇ ಎನ್ನುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯವರು ಹೇಳಿದ ಹೊತ್ತಿಗೆ ಸರಿಯಾಗಿ ಒಲೆ ಹಾಕಿದರು.

ಚರ್ಚಿನ ಜನರೆಲ್ಲ ತೂಕಡಿಸುತ್ತಾ ಗೊಣಗಿದಂತೆ ದನಿ ಕೆಳಗಿಳಿಯಿತು. ಸಿರಿಲ್ ಒಂದು ಕೈಯಲ್ಲಿ ನುಡಿಸುತ್ತಾ ಇನ್ನೊಂದು ಕೈಯಲ್ಲಿ ಗುಂಡಿ ತಿರುಗಿಸಿ ಶ್ರುತಿ ಏರಿಸಿದ. ಹಾಗೂ ಹೀಗೂ ಸರಿಹೋಯಿತು ಎನ್ನುವಾಗ ಒಲೆ ಕಾದು ತಾನಾಗಿಯೇ ಆಫ್ ಆಯಿತು. ಕರೆಂಟು ಒಮ್ಮೆಲೇ ಏರಿ ಆರ್ಗನ್ ಕಿರುಚಿತು.

"ಬೆಕ್ಕಿನ ಬಾಲ ಬಿಡೋ ಸಿರಿಲ್!" ಎಂದು ಯಾರೋ ಕೂಗಿದರು. ಇಡೀ ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಅಮ್ಮನ ಹಾಡಿಗೆ ನಕ್ಕರು. ಟ್ರೆವರ್‌ಗೆ ಬೇರೆ ದಾರಿ ಕಾಣಲಿಲ್ಲ. ಬರಿಯ ಗಿಟಾರ್ ಹಿಡಿದು ಹೆಂಡತಿಗೆಂದು ಕಟ್ಟಿದ್ದ ಪುಟ್ಟ ಹಾಡೊಂದನ್ನು ಮೆಲ್ಲಗೆ ಹಾಡಿದ. ಜನ ಸುಮ್ಮನಾದರು, ಹೆಂಗಸರು ಕಣ್ಣೊರೆಸಿಕೊಂಡರು. ಪೆಲಮ್ ಕುರ್ಚಿ ಮುಂದೆ ಎಳೆದುಕೊಂಡ. ಹೊರಡುವಾಗ ಹೇಳಿದ್ದು ಇಷ್ಟೇ: ಇಂಥ ಹಾಡುಗಳು ಬೇಕು, ಮೂವರು ಬನ್ನಿ, ಆ ಪೆಟ್ಟಿಗೆಯೂ ಬೇಡ, ಪೆಟ್ಟಿಗೆಯವನೂ ಬೇಡ.

ಮರುದಿನ ಭಾನುವಾರದ ಊಟಕ್ಕೆ ನಾಲ್ವರೂ ನಮ್ಮ ಮನೆಯಲ್ಲಿ ಸೇರಿದರು. ನಮ್ಮ ಗಿರಣಿಯ ಯೂನಿಯನ್ನಿನಲ್ಲಿ ಒಂದು ಕಟ್ಟುಪಾಡಿತ್ತು: ಎಲ್ಲರೂ ಕೈ ಎತ್ತದೆ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ, ಹೊರಗೆ ಹೋಗುವವನ ಕೈಯೂ ಮೇಲೇಳಬೇಕು. ತಂಡಕ್ಕೂ ಅದನ್ನೇ ತಂದವನು ಸಿರಿಲ್. ಅವನು ಕೈ ಕೆಳಗಿಟ್ಟುಕೊಂಡು ಕೂತರೆ ಯಾರೂ ಲಂಡನ್ನಿಗೆ ಹೋಗುವಂತಿಲ್ಲ. ಈಸ್ಟರ್ ಆದಮೇಲೆ ನಾಲ್ವರಿಗೂ ಕೆಲಸವಿಲ್ಲ. ಟ್ರೆವರ್‌ನ ಹೆಂಡತಿ ತುಂಬು ಗರ್ಭಿಣಿ. ತಟ್ಟೆಯಲ್ಲಿ ಮಾಂಸ ತಣ್ಣಗಾಗುತ್ತಿತ್ತು, ಯಾರೂ ಮುಟ್ಟಲಿಲ್ಲ.

"ಎತ್ಬೇಡ ಸಿರಿಲ್," ಎಂದೆ ನಾನು. "ನೀನು ಕಟ್ಟಿದ್ದು ಕಣೋ ಇದು. ಹಾಳಾಗಿ ಹೋಗ್ಲಿ ಲಂಡನ್ನು!"

"ನೀನು ಸುಮ್ನಿರು ಮಾರಾಯ್ತಿ," ಎಂದು ಅವನೇ ಮೊದಲು ಕೈ ಎತ್ತಿದ.

ಲೆನ್ ಎತ್ತಿದ. ಆಲ್ಬಿ ಮೇಜು ನೋಡುತ್ತಾ ಎತ್ತಿದ. ಟ್ರೆವರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಮಗುವಿನ ಹಾಗೆ ಅಳುತ್ತಿದ್ದ.

"ಆಗಲ್ಲ ಕಣೋ. ನೀನಿಲ್ದೆ ನಾನ್ಯಾರು?"

"ನಿನ್ನ ಮಗೂಗೆ ಅಪ್ಪ," ಎಂದ ಸಿರಿಲ್. ಎತ್ತಿದ ಕೈ ಇಳಿಸಲಿಲ್ಲ. "ಬೇಗ ಎತ್ತೋ ಟ್ರೆವರ್. ಎಷ್ಟು ಹೊತ್ತು ಅಂತ ಎತ್ಕೊಂಡಿರ್ಲಿ ನಾನು?"