ಮಂದಿ ಎಲ್ಲಿ ಕುಂದರ್ತಾರ?

ಹಡಗಲಿಯಲ್ಲಿ ನನ್ನ ವಕೀಲಿಕೆಗೆಂದು ಎರಡು ಕೋಣೆಯ ಆಫೀಸು ಕಟ್ಟಿಸಲು ಹೊರಟಾಗ, ನಕ್ಷೆಗೆ ಸಹಿ ಹಾಕಬೇಕಿದ್ದ ಪುರಸಭೆಯ ಇಂಜಿನಿಯರ್ ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ. ಕನ್ನಡಕವನ್ನು ಹಣೆಗೇರಿಸಿ, ಹಾಳೆಗೆ ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದರು. ಪಿಲ್ಲರು, ಮೆಟ್ಟಿಲು, ನಾನು ಆಸೆಪಟ್ಟು ಬರೆಸಿದ ಗಾಜಿನ ಬಾಗಿಲು ಯಾವುದೂ ಅವರಿಗೆ ಬೇಡ. ನಕ್ಷೆಯಲ್ಲಿನ ಅಂಗಳದ ಮೇಲೆ ಪೆನ್ಸಿಲು ಊರಿ ಒಂದೇ ಮಾತು: “ಮಂದಿ ಎಲ್ಲಿ ಕುಂದರ್ತಾರ್ರಿ?”

“ಒಳಗ ಕುರ್ಚಿ ಹಾಕಸ್ತೀನಲ್ರಿ ಸರ್.”

“ಹಳ್ಳಿ ಮಂದಿ ನಿಮ್ಮ ಟೈಲ್ಸ್ ಮ್ಯಾಲೆ ಕಾಲಿಡ್ತಾರನ್ರಿ? ಹೊರಗ ಕುಂದರ್ತಾರ.”

ನಕ್ಷೆ ವಾಪಸ್. ಎರಡನೆಯ ಸಲ ಹುಲ್ಲುಹಾಸು ಬರೆಸಿದೆ, ಮೂರನೆಯ ಸಲ ಕ್ರೋಟನ್ ಕುಂಡಗಳ ಸಾಲು. ಅದೇ ಪೆನ್ಸಿಲು, ಅದೇ ಪ್ರಶ್ನೆ. ತಡೆಯಲಾಗದೆ, “ಜಾಗ ಎಲ್ಲೈತಿ, ನೀವೇ ಬಂದು ತೋರಸ್ರಿ” ಎಂದು ಮಟಮಟ ಮಧ್ಯಾಹ್ನ ಅವರನ್ನು ನಿವೇಶನಕ್ಕೆ ಕರೆದುಕೊಂಡು ಹೋದೆ.

ಕಾರು ನಿಲ್ಲಿಸಲೆಂದು ನಾನು ಕಡಿಸಬೇಕೆಂದಿದ್ದ ಬೇವಿನ ಮರದಡಿ, ಮಲ್ಲಿಗೆ ಬುಟ್ಟಿಯ ಅಜ್ಜಿಯೊಬ್ಬಳು ಬಸ್ಸಿಗೆ ಕಾಯುತ್ತ ಕೂತಿದ್ದಳು. ಇವರು ಅವಳ ಪಕ್ಕದಲ್ಲೇ ನೆಲಕ್ಕೆ ಕೂತು, ತೊಡೆಯ ಮೇಲೆ ನಕ್ಷೆ ಹರಡಿಕೊಂಡರು.

“ಯವ್ವಾ, ಈ ಗಿಡ ಕಡದು ವಕೀಲ್ರು ಕಾರು ನಿಲ್ಲಸ್ತಾರಂತ. ನೀ ಎಲ್ಲಿ ಕುಂದರ್ತಿ?”

ಅಜ್ಜಿ ನನ್ನನ್ನೊಮ್ಮೆ ನೋಡಿದಳು. “ಕಾರಿನ ನೆಳ್ಳಿಗೇ ಕುಂದರ್ತೀನಿ ಬಿಡಪ್ಪ.”

ಇಂಜಿನಿಯರ್ ಮರದ ಸುತ್ತ ಪೆನ್ಸಿಲಿನಿಂದ ಒಂದು ಕಟ್ಟೆ ಬರೆದು, ಅಲ್ಲೇ ಸಹಿ ಹಾಕಿ, ಪ್ಯಾಂಟಿನ ಮಣ್ಣು ಕೊಡವಿಕೊಂಡು ಎದ್ದರು.

ಈಗ ಆ ಕಟ್ಟೆ ಸದಾ ತುಂಬಿರುತ್ತದೆ; ಒಳಗಿನ ಕುರ್ಚಿಗಳು ಖಾಲಿ. ನನ್ನ ಕಾರು ಬಿಸಿಲಿನಲ್ಲಿ ನಿಲ್ಲುತ್ತದೆ. ಸ್ಟೇರಿಂಗ್ ಮುಟ್ಟಿ ಅಂಗೈ ಚುರ್ ಎಂದಾಗಲೆಲ್ಲ ಆ ಮನುಷ್ಯನ ನೆನಪಾಗುತ್ತದೆ.